ಶುದ್ಧವಾಗುವ ತನಕ

ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ ತಮ್ಮ, ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ. ರಾಡ್ ಹಾಕಿದ ಮೇಲೆ ಗಾಯದಲ್ಲಿ ಕೀವಾಯಿತು. ಯಾವ ಆಂಟಿಬಯೋಟಿಕ್ಕಿಗೂ ಅದರಲ್ಲಿದ್ದ ಬ್ಯಾಕ್ಟೀರಿಯಾ ಜಗ್ಗಲಿಲ್ಲ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಅಕ್ಕ, ಬ್ಯಾಕ್ಟೀರಿಯಾದ ಒಳಹೊಕ್ಕು ಅದನ್ನು ಸೀಳಿಹಾಕುವ ವೈರಸ್ಸಿಗಾಗಿ ಹುಡುಕಾಡಿದಳು. ಫೇಜ್ ಎನ್ನುವ ಆ ವೈರಸ್ ಕೊಳಚೆಯಲ್ಲೇ ಹೆಚ್ಚು.

"ಚಿಕ್ಕವನಿದ್ದಾಗ ಚರಂಡೀಲಿ ಆಡಿದ್ರೆ ಬೆನ್ನಿಗೆ ಬಾರಿಸ್ತಿದ್ದೆ. ಈಗ ನೀನೇ ಆ ನೀರನ್ನ ನನ್ನ ಕಾಲಿಗೆ ಬಿಡ್ತೀಯಾ ಅಕ್ಕಾ?" ಎಂದು ತಮ್ಮ ನಕ್ಕ.

"ಸೋಸಿ ಬಿಡ್ತೀನಿ ಕಣೋ, ಸುಮ್ನಿರು."

ಹಲವು ಕಡೆಯ ನೀರು ತಂದು ಸೋತ ಮೇಲೆ, ಒಂದು ಬೆಳಿಗ್ಗೆ ಗಾಜಿನ ತಟ್ಟೆಯಲ್ಲಿ ಬೆಳೆದ ಮಬ್ಬು ಪದರದ ನಡುವೆ ತಿಳಿಯಾದ ಚುಕ್ಕೆಗಳು ಕಂಡವು. ಬ್ಯಾಕ್ಟೀರಿಯಾ ಸತ್ತ ಜಾಗಗಳವು. ಫೇಜನ್ನು ತಮ್ಮನಿಗೆ ಕೊಡಲು ಅನುಮತಿಯೂ ಸಿಕ್ಕಿತು. ಆದರೆ ಸತ್ತ ಬ್ಯಾಕ್ಟೀರಿಯಾದ ವಿಷ ಫೇಜ್ ಇರುವ ದ್ರವದಲ್ಲಿ ಉಳಿದಿದ್ದರೆ ಜೀವಕ್ಕೇ ಕುತ್ತು. ಅದನ್ನು ಅಳೆಯುವ ಕಿಟ್ ಆಗಿನ್ನೂ ಲ್ಯಾಬಿಗೆ ಬಂದಿರಲಿಲ್ಲ.

"ಇಷ್ಟು ಸೋಸಿದ್ದು ಸಾಕಲ್ವಾ?" ಎಂದು ಸರ್ಜನ್ ಕೇಳಿದರು.

"ಇನ್ನೊಂದ್ಸಲ ಶುದ್ಧ ಮಾಡ್ತೀನಿ ಡಾಕ್ಟ್ರೇ. ಬೇರೆಯವರ ತಮ್ಮನಾಗಿದ್ರೆ ಸಾಕು ಅಂತಿದ್ದೆನೋ ಏನೋ."

ಅವಳು ಸೋಸುತ್ತಿರುವಾಗಲೇ ನಂಜು ರಕ್ತಕ್ಕೆ ಏರಿತು. ಸರ್ಜನ್ ಲ್ಯಾಬಿನ ಬಾಗಿಲಿಗೇ ಬಂದು, "ಇನ್ನು ಕಾಯೋಕಾಗಲ್ಲಮ್ಮ. ಜೀವ ಉಳೀಬೇಕಂದ್ರೆ ಕಾಲು ತೆಗೀಲೇಬೇಕು" ಎಂದರು. ತಮ್ಮನ ಹೆಂಡತಿ, "ಏನ್ಮಾಡ್ಲಿ ಅತ್ತಿಗೆ?" ಎಂದು ಕೈ ಹಿಡಿದುಕೊಂಡಳು. ಅಕ್ಕ ಒಪ್ಪಿ ತಲೆಯಾಡಿಸಿದಳು.

ತಮ್ಮ ಬದುಕಿದ. ಸ್ವಲ್ಪ ಕಾಲದ ನಂತರ ಅದೇ ಸೋಂಕು ತಗುಲಿದ್ದ ಒಬ್ಬ ಅಜ್ಜಿಗೆ ಅದೇ ಫೇಜ್ ಕೊಟ್ಟರು. ಗಾಯ ಮಾಗಿ ಅಜ್ಜಿ ನಡೆದುಕೊಂಡೇ ಮನೆಗೆ ಹೋದರು. ಎಲ್ಲರೂ ಅಕ್ಕನನ್ನು ಹೊಗಳಿದರು. ಅವಳು ಮಾತ್ರ ಲ್ಯಾಬಿನ ಬಾಗಿಲು ಹಾಕಿಕೊಂಡು, ಮೊದಲ ಸಲ ಸೋಸಿ ಎತ್ತಿಟ್ಟಿದ್ದ ದ್ರವವನ್ನು ಪರೀಕ್ಷೆ ಮಾಡಿದಳು. ವಿಷ ಮಿತಿಯೊಳಗೇ ಇತ್ತು. ಆಗಲೇ ಕೊಡಬಹುದಿತ್ತು.

ಭಾನುವಾರ ತಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು.

"ಇದನ್ನ ನನಗ್ಯಾಕೆ ಹೇಳ್ದೆ ಅಕ್ಕಾ?"

"ಹೇಳದೇ ಇರೋಕಾಗ್ಲಿಲ್ಲ ಕಣೋ."

"ಕಾಲು ಹೋಗ್ಲೇಬೇಕಿತ್ತು, ಅದಕ್ಕೇ ಹೋಯ್ತು ಅಂದ್ಕೊಂಡಿದ್ದೆ. ಅಷ್ಟಕ್ಕೇ ಸಮಾಧಾನ ಮಾಡ್ಕೊಂಡಿದ್ದೆ."

ತಮ್ಮ ಗೋಡೆಯ ಕಡೆ ಹೊರಳಿ ಮಲಗಿದ. ಸ್ವಲ್ಪ ಹೊತ್ತಾದ ಮೇಲೆ, ತಿರುಗದೆಯೇ, ಹೆಂಡತಿಯನ್ನು ಕೂಗಿ ಹೇಳಿದ:

"ಅಕ್ಕಂಗೆ ಊಟಕ್ಕೆ ಬಡಿಸೇ."