ಹೆತ್ತವಳ ಹೆಸರಿನ ಸಾಲು

ಪಾಂಡವಪುರದಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಸ್ಟುಡಿಯೋ. ನಮ್ಮಲ್ಲಿ ಹೆಚ್ಚು ಓಡುವುದು ಮದುವೆಯ ಸೋಬಾನೆ. ಹಾಡುವವರು ಬೆಳಗೊಳದ ಕುಳ್ಳಮ್ಮಜ್ಜಿ. ಹಾಡು ಒಂದೇ, ಆದರೆ ಯಾರ ಮನೆ ಮದುವೆಯೋ ಆ ಹೆಣ್ಣಿನ ಹೆಸರು, ಹೆತ್ತವರ ಹೆಸರು, ಗಂಡಿನ ಊರು ಎಲ್ಲ ಸಾಲಿನೊಳಗೆ ಸೇರಬೇಕು. ಹಾಗಾಗಿ ನಮ್ಮ ಕಂಪ್ಯೂಟರಿನಲ್ಲಿ ಆ ಒಂದು ಹಾಡಿಗೆ ಲೆಕ್ಕವಿಲ್ಲದಷ್ಟು ಅವತಾರ.

ಅವನ್ನು ನಾನು ಇಟ್ಟುಕೊಂಡಿದ್ದ ಚೆಂದ ಕೇಳಬೇಡಿ. ‘ಫೈನಲ್’, ‘ಪಕ್ಕಾ ಫೈನಲ್’, ‘ದೇವರಾಣೆ ಫೈನಲ್’. ನಾಗಮಂಗಲದ ಮದುವೆಯಲ್ಲಿ ಕೆ.ಆರ್. ಪೇಟೆ ಹೆಣ್ಣಿನ ಹೆಸರು ಮೊಳಗಿ, ಬೀಗರೆಲ್ಲ ಎದ್ದು ನಿಂತ ಮೇಲೆ ನಾನು ಗಂಜಾಂನ ಸಹನಳನ್ನು ಕೆಲಸಕ್ಕೆ ಕರೆದೆ.

ಬಂದವಳೇ ಮನೆಗೊಂದು ಫೋಲ್ಡರ್ ಮಾಡಿದಳು. ಅದರೊಳಗೆ ಅಜ್ಜಿಯ ಬರೀ ದನಿ ಬೇರೆ, ವಾದ್ಯ ಬೇರೆ, ಎರಡೂ ಕೂಡಿಸಿ ಕಳಿಸಿದ ಹಾಡು ಬೇರೆ. ಒಂದು ಪದ ಬದಲಾದರೂ ಹಳೆಯದನ್ನು ಮುಟ್ಟುತ್ತಿರಲಿಲ್ಲ. ಹೊಸ ನಕಲು ಮಾಡಿ, ಯಾರು ಹೇಳಿದ್ದಕ್ಕೆ ಏನು ಬದಲಾಯಿತು ಅಂತ ಫೈಲಿನ ಹೆಸರಿನಲ್ಲೇ ಹಾಕುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಇದೇನ್ ತಾಯಿ, ತಾಲ್ಲೂಕಾಫೀಸ್ ಮಾಡ್ಬುಟ್ಟೆ?” ಅಂದರೆ, “ಅಣ್ಣ, ನೀವ್ ಓಗಿ ಟೀ ಕುಡ್ಕಂಡ್ ಬನ್ನಿ” ಅನ್ನುತ್ತಿದ್ದಳು.

ಶ್ರೀರಂಗಪಟ್ಟಣದ ಧನುಶ್ರೀಯ ಮದುವೆ ಹಾಡು ಮಾಡಿಸಿದ್ದು ಅವಳ ಚಿಕ್ಕಪ್ಪ ರಂಗಸ್ವಾಮಿ. ಅಜ್ಜಿ ರೂಢಿಯಂತೆ “ಚಿಕ್ಕತಾಯಮ್ಮನ ಮಗಳು ಹಸೆಗೆ ಬಂದಾಳೆ” ಅಂತ ಹೆತ್ತವಳ ಹೆಸರಿಟ್ಟು ಹಾಡಿದರು. ಅದನ್ನು ಕೇಳಿ ರಂಗಸ್ವಾಮಿ ಫೋನ್ ಮಾಡಿದ. “ಅಣ್ಣ ತೀರೋಗವ್ನೆ. ಅತ್ಗೆ ಎಸ್ರು ಶುಭಕಾರ್ಯದಲ್ಲಿ ಬ್ಯಾಡ. ಧಾರೆ ಎರಿಯೋರು ನಾನೂ ನನ್ನೆಂಡ್ತೀನೂ, ನಮ್ಮಿಬ್ರ ಎಸ್ರು ಆಕಿ.”

ಅಜ್ಜಿಯೂ ಗಂಡನನ್ನು ಕಳೆದುಕೊಂಡವರೇ. “ಎತ್ತೋಳು ಅವ್ಳಲ್ವೇನಪ್ಪ” ಅಂತ ಗೊಣಗುತ್ತಲೇ ಆ ಸಾಲನ್ನು ಮತ್ತೆ ಹಾಡಿದರು. ಆಮೇಲೆ ರಂಗಸ್ವಾಮಿ ತಮಟೆ ಜೋರಿರಲಿ ಅಂದ, ಹಾಡಿನ ಓಟ ಹೆಚ್ಚಲಿ ಅಂದ. ಎಲ್ಲ ಮುಗಿದ ಮೇಲೆ, ಮತ್ತೆ ಎಡವಟ್ಟಾಗದಿರಲಿ ಅಂತ ನಾನು ಸಹನಳಿಗೆ ಹೇಳಿದೆ: “ಮೊದ್ಲು ಆಡಿದ್ದನ್ನ ಅಳಿಸ್ಬುಡು.”

ಮದುವೆಯ ಹಿಂದಿನ ದಿನ ಮಧ್ಯಾಹ್ನ ಧನುಶ್ರೀಯೇ ಸ್ಕೂಟಿಯಲ್ಲಿ ಬಂದಳು. ಕೈಗೆ ಹಚ್ಚಿದ ಅರಿಶಿನ ಇನ್ನೂ ಒಣಗಿರಲಿಲ್ಲ.

“ಆಡಲ್ಲಿ ಅವ್ವನ ಎಸ್ರಿಲ್ಲ” ಅಂದಳು. “ಚಿಕ್ಕಪ್ಪ ಸಾಕವ್ರೆ, ಅವ್ರ ಎಸ್ರೂ ಇರ್ಲಿ. ಅವ್ವನ ಎಸ್ರೂ ಬೇಕು. ಇಲ್ದಿದ್ರೆ ನಾಳೆ ಆಡೇ ಬ್ಯಾಡ.”

ಮತ್ತೊಮ್ಮೆ ಹಾಡಿಸೋಣ ಎಂದರೆ ಅಜ್ಜಿ ಹಿಂದಿನ ವಾರವಷ್ಟೇ ಗಂಟಲಿನ ಗಂಟು ತೆಗೆಸಿಕೊಂಡಿದ್ದರು. ಪಿಸುಮಾತೂ ಆಡಬಾರದೆಂದು ಡಾಕ್ಟರು ಹೇಳಿದ್ದರು. ದನಿ ಮತ್ತೆ ಬರುವುದೋ ಇಲ್ಲವೋ ಡಾಕ್ಟರಿಗೂ ಗೊತ್ತಿರಲಿಲ್ಲ. “ಅಳಿಸ್ಬುಟ್ಟಿದೀವಿ ಕಣಮ್ಮ” ಅಂದೆ. ಹುಡುಗಿ ತಲೆ ತಗ್ಗಿಸಿದಳು.

“ಅಳ್ಸಿಲ್ಲ” ಅಂದಳು ಸಹನ. “ಅಣ್ಣ ಏಳಿದ್ದೆಲ್ಲ ಕೇಳಿದ್ರೆ ಈ ಅಂಗಡಿ ಉಳೀತಿತ್ತಾ?”

ಫೋಲ್ಡರ್ ತೆರೆದಳು. ‘ಅಜ್ಜಿ ಹಾಡಿದ್ದು, ತಾಯಿ ಹೆಸರು’, ಅದರ ಕೆಳಗೆ ‘ಚಿಕ್ಕಪ್ಪ ಕೇಳಿದ್ದು, ತಾಯಿ ಹೆಸರಿಲ್ಲ’. ವಾದ್ಯವಿಲ್ಲದ ಬರೀ ದನಿ ಪ್ರತ್ಯೇಕವಾಗಿ ಇದ್ದುದರಿಂದ ಹಳೆಯ ಸಾಲನ್ನು ಎತ್ತಿ, ಹೊಸ ತಮಟೆಯ ಓಟಕ್ಕೆ ಚುರುಕುಗೊಳಿಸಿ ಹೊಂದಿಸಿದಳು. ಮೊದಲು ಹೆತ್ತವಳ ಸಾಲು, ಹಿಂದೆಯೇ ಸಾಕಿದವರ ಸಾಲು. ನಡುವೆ ಅಜ್ಜಿ ಉಸಿರೆಳೆದುಕೊಳ್ಳುವುದನ್ನೂ ಬಿಡಲಿಲ್ಲ. ಈ ಸಾಲುಗಳನ್ನು ಅಜ್ಜಿ ಯಾವತ್ತೂ ಹೀಗೆ ಒಟ್ಟಿಗೆ ಹಾಡಿರಲಿಲ್ಲ, ಆದರೆ ಕೇಳಿದವರಿಗೆ ಅದು ಗೊತ್ತಾಗಲು ಸಾಧ್ಯವೇ ಇರಲಿಲ್ಲ. ಇಷ್ಟು ವರ್ಷ ಕೀಬೋರ್ಡ್ ಕುಟ್ಟಿದ ನನಗೆ ಆ ಹುಡುಗಿಯ ಕೆಲಸ ಕಂಡು ಕಣ್ಣು ತುಂಬಿತು. ನನ್ನ ಫೈನಲ್‌ಗಳಿಗಿಷ್ಟು ಬೆಂಕಿ ಹಾಕ.

ಮರುದಿನ ಛತ್ರದಲ್ಲಿ ಹಾಡು ಹಾಕಿದಾಗ ಚಿಕ್ಕತಾಯಮ್ಮ ಉಗ್ರಾಣದಲ್ಲಿ ಕೂತು ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತಿದ್ದರು. ಹೆಸರು ಕೇಳಿಸಿತು. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

ಮುಂದಿನ ಸಾಲಿನ ಕುರ್ಚಿಯಲ್ಲಿ ಕತ್ತಿಗೆ ಟವೆಲ್ ಸುತ್ತಿ ಕೂತಿದ್ದ ಕುಳ್ಳಮ್ಮಜ್ಜಿ ಎದ್ದರು. ಸೀದಾ ಉಗ್ರಾಣಕ್ಕೆ ನಡೆದು ಚಿಕ್ಕತಾಯಮ್ಮನ ಮೊಣಕೈ ಹಿಡಿದರು.

“ಬ್ಯಾಡ ಕಣಜ್ಜಿ, ನಾನ್ ಅಲ್ಲಿಗ್ ಬರಬಾರ್ದು.”

ಅಜ್ಜಿ ಮಾತಾಡುವಂತಿರಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ. ಜನರ ನಡುವೆ ಹಾಗೆಯೇ ಹಸೆಯವರೆಗೂ ಕರೆತಂದರು.

ಹಸೆಯ ಪಕ್ಕ ಹೆಂಡತಿಯೊಡನೆ ಕೂತಿದ್ದ ರಂಗಸ್ವಾಮಿ ಸೌಂಡ್ ಬಾಕ್ಸು ನೋಡಿದ, ನನ್ನನ್ನು ನೋಡಿದ. ಜಗಳಕ್ಕೆ ನಾನೂ ತೋಳೇರಿಸಿ ನಿಂತಿದ್ದೆ. ಅವನು ತಿರುಗಿ ಧನುಶ್ರೀಯ ಮುಖ ನೋಡಿದ. ಅವಳು ಅಳುತ್ತಿದ್ದಳು, ತಾಯಿಯನ್ನೇ ನೋಡುತ್ತಿದ್ದಳು.

ರಂಗಸ್ವಾಮಿ ಹೆಂಡತಿಯನ್ನೂ ಸರಿಸಿ, ತಾನೂ ಸರಿದು ಕೂತ.

“ಬನ್ನಿ ಅತ್ಗೆ” ಅಂದ. “ನಿಮ್ ಮಗ್ಳು ಕಾಯ್ತಾವ್ಳೆ.”