ಜಡ್ಜ್ ಟರ್ನಿಪ್‌ನನ್ನು ನೋಡಲು ಬಂದವರು

ನೆವಾಡಾದ ಎಲ್ಕೋದಿಂದ ಓಡಿ ಬಂದಾಗ ನಾನು ಹೆಸರು ಬದಲಾಯಿಸಿಕೊಂಡೆ, ಕೂದಲು ಕತ್ತರಿಸಿಕೊಂಡೆ, ಹಳೆಯ ಫೋನು ಬಿಸಾಕಿದೆ. ಬೆಕ್ಕಿನ ಹೆಸರು ಮಾತ್ರ ಬದಲಾಯಿಸಲಿಲ್ಲ. ಪಾಪ, ಅದೇನು ಯಾರ ಮೇಲೂ ಪೊಲೀಸರಿಗೆ ದೂರು ಕೊಟ್ಟಿರಲಿಲ್ಲ. ಅದು ಜಡ್ಜ್ ಟರ್ನಿಪ್. ಒಂದು ಕಿವಿ ಹರಿದಿದೆ. ನನ್ನ ಗಂಡ ಡರಿಲ್ ನನ್ನತ್ತ ಬೀಸಿದ ಬಾಟಲಿ ಗುರಿ ತಪ್ಪಿ ಅದಕ್ಕೆ ಬಿದ್ದಿತ್ತು.

ಕ್ಯಾಲಿಫೋರ್ನಿಯಾದ ಈ ಊರಿನಲ್ಲಿ ನಾನು ನೋರೀನ್. ಬೆಳಗ್ಗೆ ಬಾದಾಮಿ ಸುಲಿಯುವ ಶೆಡ್ಡಿನಲ್ಲಿ ಕೆಲಸ, ಮಧ್ಯಾಹ್ನ ಕಮ್ಯೂನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಕ್ಲಾಸು. ಪಾಠ ಹೇಳುವ ಮಿಸೆಸ್ ಪ್ರೂಯಿಟ್ ಹಿಂದೆ ಟೆಲಿಫೋನ್ ಕಂಪನಿಯಲ್ಲಿದ್ದವರು. ಬಾಯಿ ಜೋರು, ಮನಸ್ಸು ಬೆಣ್ಣೆ. ಮಾಡಿದ್ದನ್ನು ಮುಚ್ಚಿಟ್ಟುಕೊಳ್ಳುವವರಿಗೆ ವಿದ್ಯೆ ಹತ್ತುವುದಿಲ್ಲ ಎನ್ನುವುದು ಅವರ ಹಟ. ಆದ್ದರಿಂದ ನಾವೆಲ್ಲ ಒಂದೊಂದು ವೆಬ್ ಪುಟ ಮಾಡಿ, ಕಾಲೇಜಿನ ವಿಳಾಸದಲ್ಲೇ ಲೋಕಕ್ಕೆಲ್ಲ ಕಾಣುವಂತೆ ತೆರೆದಿಡಬೇಕಿತ್ತು. ನಾನು ಹಿಂದೆಮುಂದೆ ನೋಡಿದೆ. ನಿನ್ನ ಬಗ್ಗೆ ಬೇಡವಾದರೆ ಬೆಕ್ಕಿನ ಬಗ್ಗೆ ಬರಿ ಎಂದರು. ಅದರಲ್ಲೇನು ಅಪಾಯ ಎನಿಸಿ, ಅಡುಗೆಮನೆ ಕಿಟಕಿಯಲ್ಲಿ ಕೂತ ಜಡ್ಜ್ ಸಾಹೇಬರ ಫೋಟೋ ಹಾಕಿದೆ, ಹೆಸರು ಸಮೇತ.

ಪುಟಕ್ಕೆ ಎಷ್ಟು ಜನ ಬಂದರೆಂದು ಎಣಿಸುವ ಪ್ರೋಗ್ರಾಂ ಆಮೇಲೆ ಬಂತು. ನನ್ನ ಬೆಕ್ಕಿಗೆ ಬಂದಷ್ಟು ಜನ ಯಾರಿಗೂ ಬರಲಿಲ್ಲ. ಪಕ್ಕದಲ್ಲಿ ಕೂರುವ ಹೆಕ್ಟರ್ ಹೊಟ್ಟೆಕಿಚ್ಚಿನಿಂದ ರೇಗಿಸುತ್ತಿದ್ದ. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ. ಎಷ್ಟು ವರ್ಷವಾಗಿತ್ತು ನಾನು ಏನಾದರೂ ಮಾಡಿ ಯಾರಾದರೂ ಮೆಚ್ಚಿ!

ಮೊನ್ನೆ ದಟ್ಟ ಮಂಜು ಕವಿದಿತ್ತು. ಕಿಟಕಿಯಾಚೆಯ ಪಾರ್ಕಿಂಗ್ ಕೂಡ ಕಾಣುತ್ತಿರಲಿಲ್ಲ. ಫೋನಿನಲ್ಲಿ ತೆಗೆದ ಫೋಟೋದೊಳಗೆ ತೆಗೆದ ಜಾಗವೂ ಅಡಗಿ ಕೂತಿರುತ್ತದೆ ಎಂದು ಮಿಸೆಸ್ ಪ್ರೂಯಿಟ್ ಹೇಳಿ, ನಮ್ಮ ಪುಟಗಳನ್ನೇ ಒಂದೊಂದಾಗಿ ಗೋಡೆಯ ಪರದೆಗೆ ತಂದರು. ಅಮ್ಮನ ಮನೆಯಲ್ಲಿ ತೆಗೆದದ್ದೆಂದು ಹೆಕ್ಟರ್ ಹಾಕಿದ್ದ ಫೋಟೋ ಬಾರಿನದೆಂದು ಗೊತ್ತಾಗಿ ಕ್ಲಾಸೆಲ್ಲ ನಕ್ಕಿತು. ನನ್ನ ಬೆಕ್ಕಿನ ಸರದಿ ಬಂದಾಗ ನನ್ನ ಬೀದಿ, ನನ್ನ ಕಟ್ಟಡ ಗೋಡೆಯ ಮೇಲೆ ಮೂಡಿದವು. ನೋರೀನ್ ಯಾರೆಂದು ಯಾರಿಗೆ ಗೊತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ, ಪುಟಕ್ಕೆ ಬಂದವರು ಯಾವ ಊರಿನವರೆಂದು ತೋರಿಸುವ ಪಾಠ. ಕಾಲೇಜಿನ ವೈಫೈಯಿಂದ ಬಂದವರಿಗೆ ಊರಿನ ಬದಲು 'ನಮ್ಮವರು' ಎಂದು ಬರುವಂತೆ ಮಾಡಿಸಿದರು, ನಮ್ಮ ಪುಟ ನಾವೇ ನೋಡಿಕೊಂಡು ಬೀಗದಿರಲಿ ಎಂದು. ಆ ವೈಫೈಗೆ ಪಾಸ್‌ವರ್ಡ್ ಇಲ್ಲ. ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತವರಿಗೂ ಸಿಗುತ್ತದೆ.

ನನ್ನ ಪುಟಕ್ಕೆ ಬಂದವರು ಪರದೆಯ ಮೇಲೆ ಸಾಲಾಗಿ ಇಳಿದರು. ಎಲ್ಕೋ. ಎಲ್ಕೋ. ಎಲ್ಕೋ. ಅಷ್ಟೂ ಜನ ಒಬ್ಬನೇ. ಹಿಂದಿನ ದಿನದಿಂದ ಒಂದೂ ಇರಲಿಲ್ಲ. ಬೇಸತ್ತು ಬಿಟ್ಟನೇನೋ ಎಂದು ಒಂದು ಗಳಿಗೆ ಆಸೆಯಾಯಿತು. ದಾರಿಯಲ್ಲಿದ್ದಾನೆ ಎಂದು ಆಮೇಲೆ ಹೊಳೆಯಿತು. ಎದ್ದು ಹೋಗಿ ಮಿಸೆಸ್ ಪ್ರೂಯಿಟ್ ಅವರ ಕಿವಿಯಲ್ಲಿ ಹೇಳಿದೆ.

"ಮೇಡಂ, ಎಲ್ಕೋದಲ್ಲಿರೋದು ನನ್ನ ಗಂಡ. ಅವನ ಕೈಯಿಂದ ತಪ್ಪಿಸ್ಕೊಂಡೇ ನಾನಿಲ್ಲಿಗೆ ಬಂದಿದ್ದು. ಬೆಕ್ಕಿನ ಹೆಸರು ಹಾಕಿ ಹುಡುಕಿದಾನೆ."

ಅವರು ತಕ್ಷಣ ಪುಟ ಅಳಿಸಲು ಮೌಸ್ ಹಿಡಿದರು. ಅಷ್ಟರಲ್ಲಿ ಪರದೆಯ ಮೇಲೆ ಹೊಸ ಸಾಲೊಂದು ಬಂತು: ನಮ್ಮವರು.

"ನೋಡಿ, ಜಡ್ಜ್ ಸಾಹೇಬ್ರಿಗೆ ಇನ್ನೊಬ್ಬ ಭಕ್ತ ಸಿಕ್ಕಿದ," ಎಂದ ಹೆಕ್ಟರ್.

"ಬೆಕ್ಕಿನ ಪುಟ ಈಗ ಯಾರ್ರೀ ತೆಗೆದಿದ್ದು?" ಎಂದು ಕೇಳಿದರು ಮಿಸೆಸ್ ಪ್ರೂಯಿಟ್. ನಾನಲ್ಲ, ನಾನಲ್ಲ ಎಂದರು ಎಲ್ಲರೂ.

"ಫೋನೆಲ್ಲ ಮೇಜಿನ ಮೇಲಿಡಿ. ಎಲ್ರೂ ಕೈ ಎತ್ತಿ."

ಮಕ್ಕಳ ಹಾಗೆ ಎಲ್ಲರೂ ಕೈ ಎತ್ತಿದರು, ಹೆಕ್ಟರ್ ಎರಡೂ ಕೈ ಎತ್ತಿದ. ಯಾರೂ ನಗಲಿಲ್ಲ. ಮಿಸೆಸ್ ಪ್ರೂಯಿಟ್ ಮೌಸ್ ಬಿಟ್ಟು ಓಡಿಹೋಗಿ ಬಾಗಿಲ ಚಿಲಕ ಹಾಕಿದರು, ಅದಕ್ಕೆ ಬೆನ್ನು ಕೊಟ್ಟು ನಿಂತು ಪೊಲೀಸರಿಗೆ ಫೋನ್ ಹಚ್ಚಿದರು. ನಾನು ಅವರ ಕುರ್ಚಿಯಲ್ಲೇ ಕುಸಿದೆ.

ಎತ್ತಿದ ಅಷ್ಟೂ ಕೈಗಳು ಹಾಗೇ ಇದ್ದವು. ಗೋಡೆಯ ಮೇಲೆ ಮತ್ತೊಂದು ಸಾಲು ಬಂತು: ನಮ್ಮವರು.