ದುಕ್ಕಾರ್ ಕಡಿದವನು

"ಫೆರ್ರೂಜಾ ಮಗನ್ನ ಹಡದಿಲ್ಲೋ, ದುಕ್ಕಾರ್ ಹಡದಾಳ," ಎಂದ ಊರ ಹಿರಿಯ ಮುಕ್ರಾನ್. "ಆಡು ಸೈತ ಮೂಸಿ ನೋಡೂದಿಲ್ಲ ಅಂಥಾ ಕಾಯಿ. ಅಲ್ಲಲ್ಲ, ತಪ್ಪಿ ಅಂದೆ. ದುಕ್ಕಾರ್‌ದಾಗ ನುಸಿಯಾದ್ರೂ ಇರ್ತಾವ. ಇವನಾಗ ಅವೂ ಇಲ್ಲ."

ಊರಕಟ್ಟೆಯ ಕಲ್ಲುಬೆಂಚುಗಳ ಮೇಲೆ ಕೂತಿದ್ದ ಗಂಡಸರು ನಕ್ಕರು. ಮುದುಕರು ಕೆಮ್ಮುತ್ತ ನಕ್ಕರು. ರೆಜ್ಕಿಯ ಜೊತೆಯಲ್ಲೇ ಶಾಲೆ ತಪ್ಪಿಸಿ, ಹಕ್ಕಿ ಹಿಡಿದು, ಒಟ್ಟಿಗೇ ಏಟು ತಿಂದು ಬೆಳೆದ ಹಮಿಮಿ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಫೆರ್ರೂಜಾಳ ಮಗ ರೆಜ್ಕಿ ನಡುವೆ ನಿಂತಿದ್ದ. ಶುಕ್ರವಾರದ ಸಭೆಯಲ್ಲಿ ತಪ್ಪು ಹೊತ್ತವನು ಕೂರುವಂತಿಲ್ಲ.

ದುಕ್ಕಾರ್ ಅಂದರೆ ಗಂಡು ಅಂಜೂರ. ಅದರ ಕಾಯನ್ನು ಯಾರೂ ತಿನ್ನುವುದಿಲ್ಲ. ಸೀಳಿದರೆ ಒಣ ಹೊಟ್ಟು, ಹೊಟ್ಟಿನ ನಡುವೆ ಕಂಡೂ ಕಾಣದ ಕಪ್ಪು ನುಸಿ. ಆದರೆ ಜೂನ್ ಬಂತೆಂದರೆ ಆ ಕಾಯಿಗಳನ್ನೇ ದಾರಕ್ಕೆ ಪೋಣಿಸಿ ಹೆಣ್ಣು ಮರಗಳ ಕೊಂಬೆಗೆ ಸರ ಹಾಕಬೇಕು. ನುಸಿ ಮೈತುಂಬ ಹಳದಿ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದು, ಹೆಣ್ಣು ಕಾಯಿಯ ಕಣ್ಣಿನಲ್ಲಿ ನುಗ್ಗಿ, ರೆಕ್ಕೆ ಹರಿದುಕೊಂಡು ಅದರ ಒಳಗೇ ಸಾಯಬೇಕು. ಆಗ ಕಾಯಿ ನಿಲ್ಲುತ್ತದೆ. ಇಲ್ಲದಿದ್ದರೆ ಬೆರಳ ತುದಿಯಷ್ಟಿರುವಾಗಲೇ ಹಳದಿಗಟ್ಟಿ ಉದುರುತ್ತದೆ. ಅದಕ್ಕೇ ದುಕ್ಕಾರ್ ಯಾರ ನೆಲದಲ್ಲಿ ನಿಂತಿದ್ದರೂ ಎಲ್ಲರದು. ಕೇಳಲು ಬಂದವನಿಗೆ ಇಲ್ಲ ಅನ್ನುವಂತಿಲ್ಲ, ಅವನು ಹಗೆಯವನಾದರೂ ಸರಿ.

ಎರಡು ವರ್ಷದ ಹಿಂದೆ ರೆಜ್ಕಿ ಮನೆಯ ದುಕ್ಕಾರ್ ಕಡಿದಿದ್ದ. ಆ ಇಳಿಜಾರಿನಲ್ಲಿ ಅವರಿಗಿದ್ದ ಸಮತಟ್ಟು ಜಾಗವೆಂದರೆ ಮರ ನಿಂತದ್ದೊಂದೇ. ಅವನಿಗೆ ಕೋಳಿಶೆಡ್ಡು ಹಾಕಬೇಕಿತ್ತು. ಊರಿನವರೆಲ್ಲ ಒಂದು ಮಾತು ಕೇಳದೆ ಬಂದು ಕಿತ್ತುಕೊಂಡು ಹೋಗುವ ಮರದ ಮೇಲೆ ಒಳಗೊಳಗೇ ಸಿಟ್ಟೂ ಇತ್ತು. ಆಗ ಯಾರೂ ತುಟಿ ಬಿಚ್ಚಿರಲಿಲ್ಲ. ಕೆಳಗಿನ ಕೊರಕಲಿನಲ್ಲಿ ಬೇಕಾದಷ್ಟು ದುಕ್ಕಾರ್ ಇದ್ದವಲ್ಲ. ಕಳೆದ ಆಗಸ್ಟಿನಲ್ಲಿ ಬೆಂಕಿ ಬಂತು. ಕೊರಕಲಿನ ದುಕ್ಕಾರ್‌ಗಳನ್ನೆಲ್ಲ ನೆಕ್ಕಿ ಮೇಲಿನ ಅಂಜೂರದ ತೋಟಗಳ ಕೆಳಗೆ ಬಂದು ನಿಂತಿತು. ಹೊಗೆಗೆ ಕೋಳಿಗಳೂ ಸತ್ತವು. ಈಗ ಉಳಿದದ್ದು ತಗಡಿನ ಖಾಲಿ ಶೆಡ್ಡು, ಪಕ್ಕದಲ್ಲೊಂದು ಬೊಡ್ಡೆ.

"ಬೆಂಕಿ ನಾ ಹಚ್ಚಿದ್ನೇನು?" ಎಂದ ರೆಜ್ಕಿ.

"ಬೆಂಕಿ ಯಾರು ಹಚ್ಚಿದ್ರೋ ದೇವರಿಗೇ ಗೊತ್ತು. ಕೊಡ್ಲಿ ಯಾರ ಕೈಯಾಗಿತ್ತು?"

"ನನ್ನ ಕೈಯಾಗ. ಕಟಗಿ ಒಯ್ಯಾಕ ಮಾತ್ರ ನೀವ ಬಂದಿದ್ರಿ, ದಾ ಮುಕ್ರಾನ್. ಆ ಚಳಿಗಾಲ ನಿಮ್ಮ ಒಲಿಯಾಗ ಉರದದ್ದು ಯಾವ ಮರಾ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕು ಸುಮ್ಮನಾದರು. ಹಿರಿಯನೆಂಬ ಗೌರವಕ್ಕೆ ಹೇಳುವ ಆ 'ದಾ' ಎಂಬ ಮಾತು ಈಗ ಉಗುಳಿದ ಹಾಗೆ ಕೇಳಿಸಿತ್ತು. ಮುಕ್ರಾನನ ಮುಖ ಬಿಗಿಯಿತು.

"ಈ ಸಲ ಕಾಯಿ ಉದುರಿದ್ವು ಅಂದ್ರ ನಿನ್ನ ಬಾಗಲಾ ಊರಿಂದ ಹೊರಗ," ಎಂದ. "ನಿನ್ನ ಸಂಗಾಟ ಮಾತಿಲ್ಲ. ಕುಂಡ್ರಾಕ ಕಟ್ಟಿ ಇಲ್ಲ. ನಿಮ್ಮನಿಯಾಗಿಂದ ಹೆಣಾ ಎತ್ತಾಕ ಯಾರೂ ಬರೂದಿಲ್ಲ."

ಯಾರ ಹೆಣ ಎಂದು ಯಾರೂ ಕೇಳಲಿಲ್ಲ. ಬೆಂಕಿಯ ಹೊಗೆ ಎದೆಗೆ ಹೊಕ್ಕ ದಿನದಿಂದ ಫೆರ್ರೂಜಾ ಹಾಸಿಗೆ ಬಿಟ್ಟು ಎದ್ದಿರಲಿಲ್ಲ.

ಮನೆಗೆ ಬಂದಾಗ ಅವಳು ಗೋಡೆಗೆ ಒರಗಿ ಉಸಿರು ಎಳೆಯುತ್ತಿದ್ದಳು. ಶೆಡ್ಡಿನ ತಗಡಿನ ಮೇಲೆ ಟಪ್ ಎಂದು ಒಂದು ಕಾಯಿ ಬಿತ್ತು. ಅವಳು ಆ ಕಡೆ ಕಿವಿಗೊಟ್ಟಳು.

"ಸುರು ಆತು," ಎಂದಳು. "ಏನಂದ್ರು?"

"ಏನಿಲ್ಲ ಯೆಮ್ಮಾ. ನಕ್ಕರು."

"ಹೆಣದ ಮಾತು ತಗದಿರಬೇಕಲಾ ಮುಕ್ರಾನ್? ಅವರಪ್ಪಂದೂ ಅದ ಚಾಳಿ." ಅವಳು ಕೆಮ್ಮು ನಿಲ್ಲುವ ತನಕ ಕಾದಳು. "ನೀ ಹೆದರಬ್ಯಾಡ. ನಾ ಹಗುರಾಗೀನಿ. ಸೌದಿ ಹೊತ್ತಂಗ ಒಬ್ಬನ ಬೆನ್ನಮ್ಯಾಲ ಹಾಕ್ಕೊಂಡ ಹೋಗು."

ಅವನು ನಗಲಿಲ್ಲ. ಅವಳೂ ನಗಲಿಲ್ಲ. ಈ ಊರಿನ ಪ್ರತಿ ಹೆಣವನ್ನೂ ತೊಳೆದವಳು ಅವಳು. ಯಾರಿಗೆ ಯಾವ ಹೊದಿಕೆ, ಯಾರ ಗಲ್ಲಕ್ಕೆ ಹೇಗೆ ಬಟ್ಟೆ ಕಟ್ಟಬೇಕು ಎಂದು ಅವಳಿಗೆ ಗೊತ್ತು. ತನಗೆ ಯಾರು ನೀರು ಹಾಕುತ್ತಾರೆ ಎಂಬುದೊಂದೇ ಗೊತ್ತಿಲ್ಲ.

"ಕೊರಕಲಾಗ ಹಿರ್ಯಾರು ಒಂದ ಥರದ ದುಕ್ಕಾರ್ ಅಷ್ಟ ನೆಟ್ಟಿರಲಿಲ್ಲೋ," ಎಂದಳು. "ಬಿಸಲಿಗೆ ಒಂದು, ನೆರಳಿಗೆ ಒಂದು, ಹಳ್ಳದ ದಂಡಿಗೆ ಒಂದು. ಒಂದರ ನುಸಿ ಹಾರಿ ಮುಗಿಯೂದರಾಗ ಇನ್ನೊಂದರದು ಏಳತಿತ್ತು. ಆ ನುಸಿಗೆ ಬ್ಯಾರೆ ಹೂವು ಗೊತ್ತಿಲ್ಲ, ಆ ಕಾಯಿಗೆ ಬ್ಯಾರೆ ಹುಳಾ ಗೊತ್ತಿಲ್ಲ. ಒಂದನ್ನ ನೋಡಿ ಒಂದು ಬೆಳಕೋತ ಬಂದಾವ. ಸಣ್ಣಾವಿದ್ದಾಗ ಕೇಳತಿದ್ದಿ, ಮೊದಲ ಯಾವದು ಹುಟ್ಟಿತು ಯೆಮ್ಮಾ, ಕಾಯೋ ನುಸಿಯೋ ಅಂತ."

"ನೀ ಏನ ಹೇಳತಿದ್ದಿ?"

"ಸುಮ್ನ ಮಲಕೋ ಅಂತಿದ್ದೆ."

ರೆಜ್ಕಿ ಎದ್ದು ಗೊಬ್ಬರದ ಖಾಲಿ ಚೀಲವೊಂದನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡ.

ನುಸಿಯಿರುವ ದುಕ್ಕಾರ್ ಹುಡುಕುತ್ತ ಮೊದಲು ಕೆಳಗಿನ ಹೊಳೆಯ ಬಯಲಿಗೆ ಹೋದ. ಅಲ್ಲಿ ದುಕ್ಕಾರ್ ಮರಗಳೇನೋ ಮೈತುಂಬ ಕಾಯಿ ಹೊತ್ತು ನಿಂತಿದ್ದವು. ಕಿತ್ತು ಸೀಳಿದ. ಬರೀ ಹೊಟ್ಟು. ಇನ್ನೊಂದು ಸೀಳಿದ. ಪ್ರತಿ ಕಾಯಿಯ ಮೂತಿಯೂ ಬಾಯಿ ಬಿಟ್ಟಿತ್ತು, ನುಸಿ ಹಾರಿ ಹೋಗಿತ್ತು. ಹಾಲು ಅಂಟಿ ಕೈ ತುರಿಸುವ ತನಕ ಸೀಳುತ್ತಲೇ ಹೋದ.

"ಇಲ್ಲಿ ಸೆಕಿ ಜಾಸ್ತಿ," ಎಂದ ಆ ಮರಗಳ ಯಜಮಾನ, ಮೆಣಸಿನ ಸಸಿಗೆ ನೀರು ತಿರುಗಿಸುತ್ತ. "ಹೋದ ವಾರ ಬರಬೇಕಿತ್ತು. ನುಸಿ ನಿನ್ನ ಸಲುವಾಗಿ ಕಾಯ್ಕೋತ ಕುಂಡ್ರತಾವೇನು?"

ಉಳಿದದ್ದು ಕಣಿವೆಯಾಚೆಯ ಅಸಮ್ಮೆರ್. ಬೆಟ್ಟದ ಬಿಸಿಲುಮಗ್ಗುಲಿನದಾದರೂ ಎತ್ತರದಲ್ಲಿದ್ದು, ಹೊಳೆಯ ಬಯಲಿಗಿಂತ ತಂಪಾದ ಊರು. ಒಂದು ನೀರಿನ ಒರತೆಗಾಗಿ ಅವರ ಊರಿಗೂ ಇವರ ಊರಿಗೂ ಅಜ್ಜಂದಿರ ಕಾಲದಿಂದ ಮಾತಿರಲಿಲ್ಲ. ರೆಜ್ಕಿ ಸಂಜೆಗೆ ಅಲ್ಲಿ ಮುಟ್ಟಿದ. ಊರ ಮೊದಲ ಮನೆಯ ಅಂಗಳದಲ್ಲಿ ಗಲ್ಲದ ಮೇಲೆ ಹಚ್ಚೆಯಿದ್ದ ಮುದುಕಿಯೊಬ್ಬಳು ಬೀನ್ಸ್ ಸುಲಿಯುತ್ತಿದ್ದಳು. ಅವನು ಊರಿನ ಹೆಸರು ಹೇಳಿದ.

"ನಿಮ್ಮವರು ನಮ್ಮ ಮಾವನ ತಲಿ ಒಡದಿದ್ರು," ಎಂದಳು ಅವಳು, ಕೈ ನಿಲ್ಲಿಸದೆ.

"ಕೇಳೀನಿ."

"ಯಾರ ಮಗಾ ನೀ?"

"ಫೆರ್ರೂಜಾನ ಮಗ. ನಮ್ಮೂರಾಗ ದುಕ್ಕಾರ್ ಕಡದವ ನಾನ."

ಮುದುಕಿ ತಲೆಯೆತ್ತಿದಳು. ಅವನ ಕೈ, ಕಂಕುಳು, ಬೆನ್ನ ಹಿಂದೆ ಎಲ್ಲ ನೋಡಿದಳು. "ಇಲ್ಲಿಗೂ ಕೊಡ್ಲಿ ತಂದೀಯೇನು ಮತ್ತ?"

ಎಷ್ಟೋ ದಿನದ ಮೇಲೆ ರೆಜ್ಕಿಗೆ ನಗು ಬಂತು. ಬಂದದ್ದು ಅಳುವಾಯಿತು. ಅವನು ಮುಖ ತಿರುಗಿಸಿಕೊಂಡ. ಅವಳು ಅದನ್ನು ನೋಡಲಿಲ್ಲವೆಂಬಂತೆ ಎದ್ದು ರೊಟ್ಟಿ, ಎಣ್ಣೆ, ಮಜ್ಜಿಗೆ ತಂದಿಟ್ಟಳು. ಅಂಗಳದಲ್ಲೇ ಮಲಗಲು ಚಾಪೆ ಕೊಟ್ಟಳು. ನಸುಕಿಗೆ ತಾನೇ ಬಂದು ಎಬ್ಬಿಸಿ ಮರಗಳ ಹತ್ತಿರ ಕರೆದುಕೊಂಡು ಹೋದಳು.

"ಇದರ ನುಸಿ ಇವತ್ತ ಏಳತಾವ. ಆಚೀದು ಇನ್ನ ತಡಾ. ಎರಡರಾಗಿಂದೂ ಕಿತಗೋ, ನಿಮ್ಮ ಕಾಯಿ ಎಲ್ಲಾ ಒಮ್ಮೆಲೇ ಕಣ್ಣ ತಗಿಯೂದಿಲ್ಲ." ಅವನ ಪ್ಲಾಸ್ಟಿಕ್ ಚೀಲ ಕಸಿದು ಎಸೆದಳು. "ಇದರಾಗ ಹಾಕಿದ್ರ ದಾರ್‍ಯಾಗ ಎಲ್ಲಾ ಉಸರುಗಟ್ಟಿ ಸಾಯತಾವ." ಬೆತ್ತದ ಬುಟ್ಟಿ ಕೊಟ್ಟು, ಮೇಲೆ ಒದ್ದೆ ಜರಿಸೊಪ್ಪು ಹೊದಿಸಿದಳು. "ಸೂರ್ಯಾ ಕಾಯೂದರಾಗ ಮುಟ್ಟಬೇಕು. ಕಾವು ಹತ್ತಿತೋ, ಎಲ್ಲೆ ಇರ್ತಾವ ಅಲ್ಲೇ ಏಳತಾವ."

ಅವನು ಬುಟ್ಟಿ ಬೆನ್ನಿಗೇರಿಸಿ ಬಹುಪಾಲು ಓಡಿದ. ಇಳಿಜಾರಿನಲ್ಲಿ ಬಿದ್ದಾಗಲೂ ಮಗು ಬೆನ್ನಿಗೆ ಕಟ್ಟಿಕೊಂಡವನ ಹಾಗೆ ಎದೆ ಕೊಟ್ಟು ಬಿದ್ದ, ಮೊಣಕೈ ತರಚಿತು. ಓಡುತ್ತಲೇ ಮಾತು ಜೋಡಿಸಿದ. ಮೊದಲ ಸರ ಮುಕ್ರಾನನ ಮರಕ್ಕೇ ಹಾಕುತ್ತೇನೆ. ಎಲ್ಲರೆದುರು ಕರೆದು ಹಾಕುತ್ತೇನೆ. ಹಗೆಯವರ ಮುದುಕಿ ರೊಟ್ಟಿ ಕೊಟ್ಟಳು ದಾ ಮುಕ್ರಾನ್, ನೀವು ಏನು ಕೊಟ್ಟಿರಿ, ಎನ್ನುತ್ತೇನೆ. ನನ್ನ ತಾಯಿ ತೊಳೆದ ಹೆಣಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳುತ್ತೇನೆ, ಅದರಲ್ಲಿ ನಿಮ್ಮ ಹೆಂಡತಿಯೂ ಇದ್ದಳು ಎನ್ನುತ್ತೇನೆ. ಒಂದೊಂದು ಮಾತನ್ನೂ ನಾಲಿಗೆಯ ಮೇಲೆ ಹೊರಳಿಸಿ ಹದ ಮಾಡಿಕೊಂಡ.

ಊರು ಮುಟ್ಟಿದಾಗ ಬಿಸಿಲು ಇನ್ನೂ ಗೋಡೆಗಳ ನೆತ್ತಿಯಲ್ಲೇ ಇತ್ತು. ಶುಕ್ರವಾರವಲ್ಲದಿದ್ದರೂ ಕಟ್ಟೆಯ ಮೇಲೆ ಗಂಡಸರು ತುಂಬಿದ್ದರು. ದಾರಿಯ ಕಲ್ಲುಗಳ ಮೇಲೆ ಹಳದಿ ಕಾಯಿಗಳು ಉದುರಿ ಬಿದ್ದಿದ್ದವು.

"ಸಲಾಮ್," ಎಂದ ರೆಜ್ಕಿ, ಏದುಸಿರು ಬಿಡುತ್ತ.

ಯಾರೂ ಸಲಾಮಿಗೆ ಸಲಾಮು ಹೇಳಲಿಲ್ಲ. ಅವನು ಹಮಿಮಿಯ ಕಡೆ ನೋಡಿದ. ಹಮಿಮಿ ತನ್ನ ಚಪ್ಪಲಿಯ ಉಂಗುಟ ನೋಡಿಕೊಂಡ. ರೆಜ್ಕಿಗೆ ಅರ್ಥವಾಯಿತು. ತಾನು ಇಲ್ಲದಾಗಲೇ ಸಭೆ ಕೂತು ಬಹಿಷ್ಕಾರದ ಕಟ್ಟು ಹಾಕಿ ಮುಗಿಸಿದ್ದರು.

ಮುಕ್ರಾನ್ ಅವನ ಕಡೆ ತಿರುಗಲಿಲ್ಲ. ತಿರುಗಿ ಮಾತಾಡಿದರೆ ತಾನೇ ಹಾಕಿದ ಕಟ್ಟು ತಾನೇ ಮುರಿದಂತೆ. ಕಟ್ಟೆಯ ಮರದ ಕಂಬವನ್ನು ಅಂಗೈಯಿಂದ ತಟ್ಟಿ, "ಏ ಕಂಬಾ," ಎಂದ. "ನಿನಗೊಂದ ಸುದ್ದಿ ಹೇಳ್ತೀನಿ ಕೇಳು. ನಮ್ಮೂರಾಗ ಒಬ್ಬಾವ ಮನೀ ಮರಾ ಕಡದು ಕೋಳಿ ಸಾಕಿದ, ಕೋಳಿ ಸತ್ವು. ಈಗ ವೈರಿಗಳ ಬಾಗಲಾಗ ನಿಂತು ನುಸಿ ಬೇಡಕೊಂಡ ಬಂದಾನಂತ. ಅವನ ತಾಯಿ ಹೆಣಕ್ಕ ಹೆಗಲ ಕೊಡಾಕ ಆ ನುಸಿನ್ನೇ ಕರಿ ಅಂತ ಹೇಳಿಬಿಡು."

ಈ ಸಲ ಯಾರೂ ನಗಲಿಲ್ಲ.

ದಾರಿಯುದ್ದಕ್ಕೂ ಕಟ್ಟಿದ ಮಾತೆಲ್ಲ ರೆಜ್ಕಿಯ ಬಾಯಿಗೆ ಬಂದು ನಿಂತಿತು. ದವಡೆ ನೋಯುವಷ್ಟು ಹಲ್ಲು ಕಚ್ಚಿದ. ಅಷ್ಟರಲ್ಲಿ ಕತ್ತಿನ ಹಿಂದೆ ಏನೋ ಹರಿದಾಡಿತು. ಒಂದು. ಆಮೇಲೆ ಇನ್ನೊಂದು. ಬಿಸಿಲು ಗೋಡೆಯಿಂದ ಇಳಿದು ಅವನ ಹೆಗಲಿಗೆ ಬಂದಿತ್ತು.

ಅವನು ತಿರುಗಿ ನಡೆದ.

ಓಣಿಯ ಎರಡೂ ಬದಿಗೆ ಕಲ್ಲುಗೋಡೆ. ಗೋಡೆಗಳ ಮೇಲಿಂದ ಅಂಜೂರದ ಕೊಂಬೆಗಳು ಓಣಿಗೆ ಬಾಗಿದ್ದವು. ಮುಕ್ರಾನನ ಮರಗಳು, ಆಮೇಲೆ ಹಮಿಮಿಯದು, ಮಸೀದಿಯದು. ಅವನ ಮರಗಳು ಎಲ್ಲಕ್ಕಿಂತ ಮೇಲೆ, ಓಣಿಯ ಕೊನೆಗೆ. ಅವನು ನಿಲ್ಲಲಿಲ್ಲ. ನಡೆಯುತ್ತಲೇ ಕೈ ಹಿಂದಕ್ಕೆ ಚಾಚಿ, ಬುಟ್ಟಿಯ ಮೇಲಿನ ಜರಿಸೊಪ್ಪನ್ನು ಹಿಡಿ ಹಿಡಿಯಾಗಿ ಕಿತ್ತು ನೆಲಕ್ಕೆ ಬಿಟ್ಟ. ಬಾಯಿ ತೆರೆದ ಬುಟ್ಟಿಯಿಂದ ನುಸಿ ಎದ್ದು, ಬಿಸಿಲಿನಲ್ಲೊಮ್ಮೆ ಕಂಡು, ಗೋಡೆಗಳ ಆಚೆ, ಎಲ್ಲರ ಕೊಂಬೆಗಳಿಗೆ ಹೋದವು.

ಮೇಲೆ ತಗಡಿನ ಮೇಲೆ ಟಪ್ ಎಂದು ಒಂದು ಕಾಯಿ ಬಿದ್ದ ಸದ್ದು ಕೇಳಿಸಿತು. ಹಿಂದೆ, ಓಣಿಯ ತಿರುವಿನ ತನಕ, ಕಲ್ಲುಗಳ ಮೇಲೆ ಒದ್ದೆ ಸೊಪ್ಪು ಬಿದ್ದಿತ್ತು.